ಹಂದರ ಕಲಿಸಿದ ಅಕ್ಕೋರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನು ಒತ್ತಿ ಕತ್ತರಿಸಿಕೊಂಡಿರುತ್ತಿದ್ದರು. ಗ್ರಂಥಾಲಯದ ಪುಸ್ತಕಕ್ಕೆ ಪೆನ್ಸಿಲ್ ತಾಗಿಸಬಾರದೆಂಬುದು ಅವರ ನಿಯಮ. ಅದಕ್ಕೆ ಓದುತ್ತ ಹೋದಂತೆ, ಪ್ಯಾರಾ ಮುಗಿದಲ್ಲೆಲ್ಲ ಪುಟದ ಅಂಚಿಗೆ ಆ ಉಗುರಿನಿಂದ ಒಂದು ಗೆರೆ ಒತ್ತುತ್ತಿದ್ದರು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಗೆರೆ ಕಾಣುತ್ತಿತ್ತು. ಹಿರೇಕೆರೂರಿನ ನಮ್ಮ ಪ್ರೌಢಶಾಲೆಯಲ್ಲಿ ಅವರು ಓದಿದ ಪುಸ್ತಕ ಯಾವುದು, ಓದದ್ದು ಯಾವುದು ಎಂದು ನಾವು ಹಾಗೆ ಪತ್ತೆ ಹಚ್ಚುತ್ತಿದ್ದೆವು.

ಕನ್ನಡ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರೆಲ್ಲ ಅಕ್ಕೋರೇ. ಇಲ್ಲಿಯೂ ಅವರನ್ನು ಹಾಗೇ ಕರೆಯುತ್ತೇನೆ. ಸವಣೂರಿನ ವೈಷ್ಣವ ಮನೆತನ. ಅಜ್ಜ, ಮುತ್ತಜ್ಜ ಸಂಸ್ಕೃತ ಪಾಠ ಹೇಳಿದವರು, ಅಣ್ಣ ವಕೀಲ. ಇವರು ನೌಕರಿಗಾಗಿ ಹಿರೇಕೆರೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ನಾನು ಚಿಕ್ಕೇರೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ರೈತರ ಮನೆಯ ಹುಡುಗಿ. ಅಪ್ಪ ಸಹಿ ಮಾಡುವಷ್ಟು ಮಾತ್ರ ಕಲಿತವನು. ಅಕ್ಕೋರು ಹೇಳಿದ್ದಾರೆ ಎಂದರೆ ಮನೆಯಲ್ಲಿ ಅದರ ಮೇಲೆ ಮಾತಿರಲಿಲ್ಲ. ಅವರ ಕೋಣೆಗೆ ಭಾನುವಾರ ಹೋಗಿ ಕಲಿಯಲು ನನ್ನನ್ನು ಬಿಟ್ಟದ್ದೂ ಅದೇ ನಂಬಿಕೆಯಿಂದ.

ಅವರು ಕಲಿಸಿದ್ದಕ್ಕೆ ಪಠ್ಯದಲ್ಲಿ ರೂಪರೇಷೆ ಎಂಬ ಹೆಸರಿತ್ತು. ಅವರು ಹಂದರ ಎನ್ನುತ್ತಿದ್ದರು. ಒಂದು ಪ್ಯಾರಾ ಓದಬೇಕು, ಪುಸ್ತಕ ಬೋರಲು ಹಾಕಬೇಕು, ನೋಡದೆ ಒಂದೇ ಸಾಲು ಬರೆಯಬೇಕು. ಮೊದಮೊದಲು ನಾನು ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನೇ ಬಾಯಿಪಾಠ ಮಾಡಿ ಇಳಿಸುತ್ತಿದ್ದೆ. ಅವರು ಇಡೀ ಪುಟ ಹೊಡೆದುಹಾಕುತ್ತಿದ್ದರು.

“ಏನು ಹೇಳ್ತದ ಅಂತ ಬರದಿ. ಅದು ಎಲ್ಲಾರಿಗೂ ತಿಳೀತದ. ಏನು ಮಾಡ್ತದ ಅಂತ ಬರಿ. ವಾದ ಹೂಡ್ತದೋ, ಉದಾಹರಣೆ ಕೊಡ್ತದೋ, ಸುಮ್ಮನ ಜಾಗಾ ತುಂಬ್ತದೋ?”

ಪ್ರಬಂಧ ಬರೆಯುವಾಗ ಇದೇ ಕೆಲಸ ತಿರುವುಮುರುವು. ಮೊದಲು ಪ್ರತಿ ಪ್ಯಾರಾ ಮಾಡಬೇಕಾದ ಕೆಲಸದ ಪಟ್ಟಿ, ಆಮೇಲೆ ಮಾತು. ಪ್ರಬಂಧ ಹಿಡಿದು ಹೋದ ಯಾರನ್ನೇ ಆಗಲಿ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ಹಂದರ ಎಲ್ಲದ?”

ಹತ್ತನೆಯ ತರಗತಿಯಲ್ಲಿದ್ದಾಗ ಐದಾರು ಮಂದಿಯನ್ನು ಅಬಲೂರಿಗೆ ಕರೆದುಕೊಂಡು ಹೋದರು. ಗುಡಿಯ ಬಳಿ ಕೂರಿಸಿ, ಹಳೆಯ ಶಾಸನವೊಂದರ ಪಾಠವನ್ನು ತಮ್ಮ ವಹಿಯಿಂದ ಓದಿದರು. ದೇವರ ಸ್ತುತಿ, ಅರಸನ ಹೆಸರು, ದಾನ ಕೊಟ್ಟವನು, ಕೊಟ್ಟ ಭೂಮಿಯ ಎಲ್ಲೆ, ಸಾಕ್ಷಿಗಳು, ಕೊನೆಗೆ ಕೆಡಿಸಿದವನಿಗೆ ಶಾಪ. ಕಲ್ಲು ಕಡೆಯುವವನು ತಪ್ಪಿದರೆ ಅಳಿಸುವಂತಿಲ್ಲ, ಆದ್ದರಿಂದ ಹಂದರ ಹಾಕದೆ ಉಳಿ ಮುಟ್ಟಿರಲಾರ ಎಂದು ವಿವರಿಸಿದರು. ಶಾಪದ ಸಾಲು ಕೇಳಿ ಗೆಳತಿಯೊಬ್ಬಳು, “ಬೆಲ್ಲದ ಡಬ್ಬಿ ಮುಟ್ಟಿದ್ರ ನಮ್ಮವ್ವ ಇದಕಿಂತ ಛಲೋ ಬೈತಾಳ್ರಿ ಅಕ್ಕೋರ” ಎಂದಳು. ಅಕ್ಕೋರು ನಗುತ್ತ, “ಹಂಗಾದ್ರ ನಿಮ್ಮವ್ವನ ಬೈಗುಳದ ಹಂದರ ಬರಕೊಂಡು ಬಾ” ಎಂದರು. ನನಗೆ ಮಾತ್ರ ಬೇರೆ ಕೆಲಸ ಕೊಟ್ಟರು: ಶಾಸನಗಳಿಂದ ನಾವು ಏನು ತಿಳಿಯುತ್ತೇವೆ ಎಂಬ ಪ್ರಬಂಧಕ್ಕೆ ಆರು ತಲೆಬರಹದ ಹಂದರ. ಮುಂದಿನ ಭಾನುವಾರ ಅದನ್ನು ತಿದ್ದಿ, ಕೆಂಪು ಶಾಯಿಯಲ್ಲಿ ಸಹಿ ಮಾಡಿ, ತಾರೀಖು ಹಾಕಿದರು.

ಅದರ ಮುಂದಿನ ಶನಿವಾರ ಸವಣೂರಿನಲ್ಲಿ ಪ್ರಬಂಧ ಸ್ಪರ್ಧೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕಿನ ಮಕ್ಕಳು ಸೇರಿದ್ದರು. ಅಪ್ಪನೂ ಬಂದಿದ್ದ. ಮೊಹರು ಹಚ್ಚಿದ ಲಕೋಟೆ ಒಡೆದು ವಿಷಯವನ್ನು ಬೋರ್ಡಿನ ಮೇಲೆ ಬರೆದರು. ನಾನು ಹಂದರ ಹಾಕಿದ್ದ ವಿಷಯವೇ. ಅದೃಷ್ಟ ಎಂದುಕೊಂಡು ಬರೆದೆ.

ಮಧ್ಯಾಹ್ನ ನನಗೆ ಮೊದಲ ಸ್ಥಾನ ಎಂದು ಗೊತ್ತಾಯಿತು. ಬಹುಮಾನ ಕೊಡುವ ಮೊದಲು ನನ್ನನ್ನೂ ಅಪ್ಪನನ್ನೂ ಒಂದು ಕೋಣೆಗೆ ಕರೆದರು. ಮೇಲ್ವಿಚಾರಣೆಗೆ ಬಂದಿದ್ದ ಶಿಗ್ಗಾವಿಯ ಮಾಸ್ತರರೊಬ್ಬರು ದೂರು ಕೊಟ್ಟಿದ್ದರು. ಬೋರ್ಡಿನ ಮೇಲೆ ಬರೆದವರು ಸೀಮೆಸುಣ್ಣ ಕೆಳಗಿಡುವುದರೊಳಗೆ ಈ ಹುಡುಗಿ ಆರು ತಲೆಬರಹ ಬರೆದು ಮುಗಿಸಿದ್ದಳು, ಇವಳಿಗೆ ವಿಷಯ ಮೊದಲೇ ಗೊತ್ತಿತ್ತು ಎಂಬುದು ಅವರ ಮಾತು. ಆ ವರ್ಷ ವಿಷಯ ಆರಿಸಿ ಲಕೋಟೆಗೆ ಹಾಕಿದವರು ನಮ್ಮ ಅಕ್ಕೋರು ಎಂದು ನನಗೆ ತಿಳಿದದ್ದು ಅಲ್ಲಿ.

ಅದೇ ಕೋಣೆಯಲ್ಲಿ ಕುಳಿತಿದ್ದ ಅಕ್ಕೋರನ್ನು ಸಂಘಟಕರು ಕೇಳಿದರು. ಅವರು ಕುರ್ಚಿಯಿಂದ ಏಳದೆ ಉತ್ತರಿಸಿದರು.

“ವಿಷಯದ ಚೀಟಿ ನನ್ನ ಮೇಜಿನ ಮ್ಯಾಲಿತ್ತು. ಈಕಿ ಮನಿಗೆ ಬಂದು ಹೋಗೋ ಹುಡುಗಿ. ನೋಡಿರಬೇಕು. ನಾ ಅಂತೂ ಈ ವಿಷಯ ಈಕಿಗೆ ಕೊಟ್ಟಿಲ್ಲ.”

ನಾಲ್ಕು ವಾಕ್ಯ. ಮೊದಲನೆಯದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಎರಡನೆಯದು ನಿಜ. ಮೂರನೆಯದನ್ನು ಊಹೆಯಂತೆ ಆಡಿದರು. ನಾಲ್ಕನೆಯದು ಸುಳ್ಳು. ನಾಲ್ಕೂ ಸೇರಿ ಮಾಡಿದ ಕೆಲಸ ಅವರನ್ನು ಆ ಕೋಣೆಯಿಂದ ಹೊರಗೆ ದಾಟಿಸಿದ್ದು.

ಸಹಿ, ತಾರೀಖು ಇದ್ದ ವಹಿ ನನ್ನ ಚೀಲದಲ್ಲಿತ್ತು. ಅಕ್ಕೋರಿಗೆ ಮರೆತಿದೆ, ಈಗ ನೆನಪಾಗುತ್ತದೆ ಎಂದು ಕಾದೆ. ಅವರು ಒಮ್ಮೆ ನನ್ನ ಚೀಲದ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ. ನಾನು ವಹಿ ತೆಗೆಯಲಿಲ್ಲ. ಬಹುಮಾನ ಹಾನಗಲ್ಲಿನ ಹುಡುಗನಿಗೆ ಹೋಯಿತು.

ತಿರುಗಿ ಬರುವ ಬಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ವಹಿ ಬಿಚ್ಚಿಟ್ಟೆ. ಕೆಂಪು ಶಾಯಿ ಅವರದು, ತಾರೀಖು ನೋಡಪ್ಪಾ ಎಂದೆ. ಅವನು ಪುಟವನ್ನು ಸ್ವಲ್ಪ ಹೊತ್ತು ನೋಡಿದ.

“ನನಗ ಓದಾಕ ಬರೂದಿಲ್ಲಂತ ನಿನಗ ಗೊತ್ತೈತಿ. ಅಕ್ಕೋರು ಯಾಕ ಸುಳ್ಳ ಹೇಳ್ತಾರ? ಮುಚ್ಚಿಡು.”

ಬೈಯಲಿಲ್ಲ. ಅವ್ವನಿಗೂ ಹೇಳಲಿಲ್ಲ. ಅಲ್ಲಿಯವರೆಗೆ ಮನೆಯ ಟ್ರಂಕಿನ ಕೀಲಿಕೈ ನನ್ನ ಬಳಿ ಇರುತ್ತಿತ್ತು. ಮರುದಿನ ಅದನ್ನು ಇಸಿದುಕೊಂಡು ತನ್ನ ಉಡದಾರಕ್ಕೆ ಕಟ್ಟಿಕೊಂಡ. ನನಗೆ ಮತ್ತೆ ಕೊಡಲಿಲ್ಲ.

ಸೋಮವಾರ ತರಗತಿಯಲ್ಲಿ ಅಕ್ಕೋರು ಎಂದಿನಂತೆ ನನ್ನನ್ನು ಎಬ್ಬಿಸಿ ಹಂದರ ಕೇಳಿದರು. ಎಂದಿನಂತೆ ತಿದ್ದಿದರು. ಮುಂದಿನ ತಿಂಗಳುಗಳಲ್ಲಿ ನನಗೆ ಮೊದಲಿಗಿಂತ ಹೆಚ್ಚು ಸಮಯ ಕೊಟ್ಟರು. ಆ ವಿಷಯ ಮಾತ್ರ ಎತ್ತಲಿಲ್ಲ. ಅವರು ಕಲಿಸಿದ್ದನ್ನು ಬಿಟ್ಟುಕೊಡುವಷ್ಟು ಸಿಟ್ಟು ನನಗೆ ಬರಲಿಲ್ಲ. ಬಂದಿದ್ದರೆ ನಷ್ಟ ನನ್ನದೇ ಆಗುತ್ತಿತ್ತು. ಈಗ ಇಪ್ಪತ್ತು ವರ್ಷಗಳಿಂದ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ವರದಿಗಳನ್ನು ತಿದ್ದುತ್ತೇನೆ. ಪ್ರತಿ ಪ್ಯಾರಾದ ಎದುರು ಅದು ಏನು ಮಾಡುತ್ತದೆ ಎಂದು ಬರೆದುಕೊಳ್ಳುತ್ತೇನೆ. ಏನೂ ಮಾಡದ ಪ್ಯಾರಾ ಹೋಗುತ್ತದೆ. ಈ ಕೆಲಸ, ಈ ಅನ್ನ ಅವರದು. ಇದರಲ್ಲಿ ನನಗೆ ಅನುಮಾನವಿಲ್ಲ.

ನಿವೃತ್ತಿಯ ನಂತರ ಅವರು ಸವಣೂರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಕೆಲವು ವರ್ಷಗಳ ಹಿಂದೆ ಹೋಗಿ ನೇರವಾಗಿ ಕೇಳಿದೆ. “ಅವತ್ತು ಯಾಕ ಹಂಗ ಹೇಳಿದ್ರಿ ಅಕ್ಕೋರ?”

ಯಾವತ್ತು ಎಂದು ಅವರು ಕೇಳಲಿಲ್ಲ. “ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನೀ ಸಣ್ಣಾಕಿ, ಮರೀತಿ ಅನಕೊಂಡೆ.”

“ನಾ ಮರೀತಿದ್ದೆನೋ ಏನೋ. ಅಪ್ಪ ಮರ್ತಿಲ್ರಿ. ಅವಂಗ ಒಂದು ಮಾತು ಹೇಳ್ರಿ, ಸಾಕು.”

ಆಗಲಿ ಎಂದು ತಲೆಯಾಡಿಸಿದರು. ವಿಷಯವನ್ನು ಬೇಕೆಂದೇ ಕೊಟ್ಟಿದ್ದರೋ ಎಂದೂ ಕೇಳಿದೆ. ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಅವರು ಅಪ್ಪನ ಆರೋಗ್ಯ ವಿಚಾರಿಸಿದರು. ಮಳೆ ಹೇಗಾಗಿದೆ, ಗೋವಿನಜೋಳ ಹೇಗಿದೆ ಎಂದು ಕೇಳಿದರು. ನಿಮ್ಮ ಮಗಳು ಬಹಳ ಶಾಣ್ಯಾಕಿ ಎಂದರು. ನಾನು ಎದುರು ಕುಳಿತು ಕಾಯುತ್ತಿದ್ದೆ. ಮೂರು ನಿಮಿಷದ ನಂತರ ನಮಸ್ಕಾರ ಹೇಳಿ ಫೋನನ್ನು ನನಗೆ ಹಿಂತಿರುಗಿಸಿ, “ಚಹಾ ಆರ್ತದ, ತೊಗೊ” ಎಂದರು.

ಹೋದ ತಿಂಗಳು ಅವರು ತೀರಿಕೊಂಡರು. ನಿಧನವಾರ್ತೆಯನ್ನು ನಾನೇ ಬರೆದೆ. ಅದರಲ್ಲಿದ್ದುದೆಲ್ಲ ನಿಜ. ಆ ಭಾನುವಾರ ಚಿಕ್ಕೇರೂರಿಗೆ ಹೋದಾಗ ಅಪ್ಪನಿಗೆ ತಿಳಿಸಿದೆ. ಅವನಿಗೀಗ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಕಟ್ಟೆಯ ಮೇಲೆ ಕುಳಿತಿದ್ದವನು ತಲೆಯ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟ.

“ದೊಡ್ಡ ಮನಸಿನಾಕಿ. ನೀ ಮಾಡಿದ್ದನ್ನ ಕಡೀತನಕ ಯಾರ ಮುಂದೂ ಆಡಲಿಲ್ಲ. ಅವತ್ತ ಫೋನಿನಾಗ ಮಾತಾಡಿದಾಗೂ ಎತ್ತಲಿಲ್ಲ ನೋಡು.”

ಹೌದು ಎಂದೆ. ಕೇಳಿಸಲಿಲ್ಲವೆಂದು ಕಿವಿ ಹತ್ತಿರ ತಂದ. ಇನ್ನೊಮ್ಮೆ, ಗಟ್ಟಿಯಾಗಿ, ಹೌದು ಎಂದೆ.