ನನ್ನ ಅಣಕಕ್ಕೆ ಮಿಸ್ತ್ರಿ ನಗಲಿಲ್ಲ

ಕೇಶ್ವಾಪುರದ ಚಹಾದಂಗಡಿ ಮುಂದೆ ನಿಂತು, ನನ್ನ ಕಾರು ತಗ್ಗಿಗೆ ಇಳಿದಾಗ ಮಾಡುವ ಸಪ್ಪಳವನ್ನು ಅಣಕಿಸುತ್ತಿದ್ದೆ: "ಕಟಕ್, ಕುಯ್ಯ್, ಕಟಕ್." ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಪಕ್ಕದ ಗ್ಯಾರೇಜಿನ ಮಿಸ್ತ್ರಿ ಕಾಕಾ ಮಾತ್ರ ನಗಲಿಲ್ಲ.

"ಇನ್ನೊಮ್ಮಿ ಮಾಡು ತಮ್ಮಾ. ಕಂಪನಿ ಸ್ಪ್ರಿಂಗ್ ತಗಸಿ ಬ್ಯಾರೇದ್ ಹಾಕ್ಸೀಯೇನು?"

"ಹೂಂ ಕಾಕಾ, ಗಿಡ್ಡಂದು. ಕಾರು ಕುಳ್ಳಾದ್ರ ಸ್ಟೈಲ್ ಕಾಣ್ತೈತ್ರಿ, ನನ್ನಂಗ."

ಕಾಕಾ ಚಕ್ರ ಬಿಚ್ಚಿ ತೋರಿಸಿದರು. ಅಗ್ಗದ ಸ್ಪ್ರಿಂಗ್ ಬಿರುಕು ಬಿಟ್ಟಿತ್ತು. ಮುರಿದರೆ ಅದರ ತುದಿ ನೇರ ಟೈರಿಗೆ ಚುಚ್ಚುವಂತಿತ್ತು. ಮರುದಿನ ಬಸುರಿ ಅಕ್ಕನನ್ನು ಅದೇ ಕಾರಿನಲ್ಲಿ ಧಾರವಾಡಕ್ಕೆ ಕರೆದೊಯ್ಯುವವನಿದ್ದೆ.

ಕಂಪನಿ ಸ್ಪ್ರಿಂಗನ್ನೇ ಮರಳಿ ಹಾಕಿಸಿ ಅಕ್ಕನನ್ನು ಸುಖವಾಗಿ ಮುಟ್ಟಿಸಿದೆ. ಈಗ ಗಾಡಿ ಹತ್ತಿದರೆ ಮೊದಲ ತಗ್ಗು ದಾಟುವವರೆಗೆ ಬಾಯಿ ಮುಚ್ಚಿ ಸಪ್ಪಳ ಕೇಳುತ್ತೇನೆ. ನಾನು ಅಷ್ಟು ಹೊತ್ತು ಸುಮ್ಮನಿರುವುದನ್ನು ಅಕ್ಕ ಇದೇ ಮೊದಲು ನೋಡಿದ್ದಂತೆ.