ಶ್ರೀಕಾರದ ಲೇಯರು

ನಾನು ಕಂಪ್ಯೂಟರಿಗೆಂದು ಬರೆದ ಮೊದಲ ಸ್ಕ್ರಿಪ್ಟು ನಲವತ್ತೆರಡು ಡ್ರಾಯಿಂಗುಗಳನ್ನು ಹತ್ತು ನಿಮಿಷದಲ್ಲಿ ಹಾಳುಮಾಡಿತು. ಕೈಯಲ್ಲಿ ಮಾಡಿದ್ದರೆ ಅಷ್ಟು ಹಾಳುಮಾಡಲು ನನಗೆ ಒಂದು ವಾರವಾದರೂ ಬೇಕಿತ್ತು. ಈಗ ನಗು ಬರುತ್ತದೆ. ಅವತ್ತು ಮಾತ್ರ ಪೆರುಂಗುಡಿಯ ಆ ಆಫೀಸಿನ ಎ.ಸಿ.ಯಲ್ಲಿ ಕೂತು ಬೆವೆತುಹೋಗಿದ್ದೆ.

ಎರಡು ಸಾವಿರನೇ ಇಸವಿಯ ಆಸುಪಾಸು. ಮದುವೆಯಾಗಿ ಮೈಸೂರಿನಿಂದ ಈ ತಮಿಳು ಊರಿಗೆ ಬಂದವಳು ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ತಮಿಳು ಬಾರದು, ತರಕಾರಿಯವಳ ಮುಂದೆ ಬೆರಳು ತೋರಿಸಿ ವ್ಯಾಪಾರ, ಮಿಕ್ಕ ಹೊತ್ತೆಲ್ಲ ಗೋಡೆ ನೋಡುವುದು. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಆಗ ಸಿಕ್ಕಿದ್ದು ಈ ಕೆಲಸ, ಕಾರ್ಖಾನೆಗಳ ಪೈಪುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನು ಹನ್ನೆರಡು ದಿನ ಇತ್ತು. ಅಷ್ಟರಲ್ಲಿ ಏನಾದರೂ ಎಡವಟ್ಟಾದರೆ ಮತ್ತೆ ಅದೇ ಗೋಡೆ.

ಕ್ಯಾಡ್ ಡ್ರಾಯಿಂಗಿನಲ್ಲಿ ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಇದ್ದಂತೆ. ಪೈಪು ಒಂದರಲ್ಲಿ, ಕಂಬ ಇನ್ನೊಂದರಲ್ಲಿ, ಅಳತೆ ಮತ್ತೊಂದರಲ್ಲಿ. ಪ್ರತಿಯೊಂದಕ್ಕೂ ಒಂದು ಹೆಸರು. ಹೆಸರಿಡುವುದರಲ್ಲಿ ನಮ್ಮ ಆಫೀಸಿನವರೆಲ್ಲ ಮಹಾರಾಜರೇ! ಒಬ್ಬ 'ಪೈಪ್' ಎಂದು ಇಟ್ಟರೆ ಇನ್ನೊಬ್ಬ 'ಪೈಪ್ ಹೊಸದು', ಮತ್ತೊಬ್ಬ 'ಪೈಪ್ ಹೊಸದು ಎರಡು'. ಒಬ್ಬ ಪುಣ್ಯಾತ್ಮನಂತೂ ಹೆಂಡತಿಯ ಹೆಸರನ್ನೇ ಇಟ್ಟಿದ್ದ. ಆ ಸಲ ನಾವು ಮಾಡುತ್ತಿದ್ದುದು ಎಣ್ಣೂರಿನ ಕಡೆಯ ಒಂದು ಕಾರ್ಖಾನೆಯ ಕೆಲಸ. ಅವರು ಮೂವತ್ತೊಂದು ಹೆಸರುಗಳ ಪಟ್ಟಿ ಕಳಿಸಿ, ಇವು ಬಿಟ್ಟು ಬೇರೆ ಲೇಯರ್ ಇದ್ದರೆ ಡ್ರಾಯಿಂಗ್ ವಾಪಸ್ ಎಂದರು. ಅವತ್ತೇ ಸಂಜೆ ನಾಲ್ಕಕ್ಕೆ ಡ್ರಾಯಿಂಗುಗಳ ಸಿ.ಡಿ. ಹೊರಡಬೇಕಿತ್ತು.

'ಸ್ಕ್ರಿಪ್ಟ್ ಬರೆದು ಊಟದೊಳಗೆ ಮುಗಿಸ್ತೀನಿ' ಎಂದು ಮ್ಯಾನೇಜರ ಎದುರು ಜಂಬ ಕೊಚ್ಚಿಕೊಂಡೆ. ಗೊತ್ತಿರುವ ಹೆಸರನ್ನು ಪಟ್ಟಿಯ ಹೆಸರಿಗೆ ಬದಲಿಸು, ಬೇಡದ್ದನ್ನು ಅದರಲ್ಲಿರುವ ಗೆರೆಗಳ ಸಮೇತ ಅಳಿಸು. ಕಂಪ್ಯೂಟರಿಗೆ ಕೊಡುವ ಈ ಎರಡು ಅಪ್ಪಣೆ, ಇಷ್ಟೇ ಸ್ಕ್ರಿಪ್ಟು.

ಬೇಡದ್ದರಲ್ಲಿ ಇಂಗ್ಲಿಷಿನಲ್ಲಿ 'ಶ್ರೀ' ಎಂದು ಹೆಸರಿಟ್ಟ ಒಂದು ಲೇಯರೂ ಇತ್ತು. ಅದು ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ನರದು. ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿದ್ದ ಮಾಧ್ವರ ಮನೆಯವರು; ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು. ಎಲ್ಲ ಡ್ರಾಯಿಂಗುಗಳನ್ನೂ ಶುರುಮಾಡಿಕೊಡುತ್ತಿದ್ದವರು ಅವರೇ, ಮುಂದುವರಿಸುತ್ತಿದ್ದವರು ನಾವು. ಹಾಳೆಯ ಎಡಮೂಲೆಯಲ್ಲಿ ಪುಟ್ಟದಾಗಿ ಕನ್ನಡದ ಶ್ರೀ ಬರೆಯದೆ ಅವರು ಯಾವ ಕೆಲಸವನ್ನೂ ಮುಟ್ಟಿದವರಲ್ಲ. ನಾನು ಒಂದು ಡ್ರಾಯಿಂಗ್ ತೆರೆದು, ಮೂಲೆಯಲ್ಲಿದ್ದ ಶ್ರೀ ನೋಡಿ ನಕ್ಕು, ಆ ಲೇಯರನ್ನು ಅಳಿಸುವ ಸಾಲಿಗೆ ಸೇರಿಸಿದೆ.

ನಕಲು ತೆಗೆದಿಟ್ಟುಕೊಂಡಿದ್ದೆಯಾ ಎಂದು ಮಾತ್ರ ಕೇಳಬೇಡಿ. ಜಾಗ ಉಳಿಯಲಿ ಎಂದು ಹಳೆಯ ಬ್ಯಾಕಪ್ ಫೈಲುಗಳನ್ನೂ ಅದೇ ಸ್ಕ್ರಿಪ್ಟಿನಲ್ಲಿ ಅಳಿಸಿಹಾಕಿದ್ದ ಮಹಾಜಾಣೆ ನಾನು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಪರದೆಯ ಮೇಲೆ ಡ್ರಾಯಿಂಗುಗಳು ತಾವಾಗಿಯೇ ತೆರೆದು, ಮುಚ್ಚಿ, ಮುಗಿದವು. ಕೈಕಟ್ಟಿ ಕೂತು ನೋಡಿದೆ. ಆಮೇಲೆ ಒಂದನ್ನು ತೆರೆದೆ. ಬೆಂಕಿ ಆರಿಸುವ ನೀರಿನ ಮುಖ್ಯ ಪೈಪೇ ಇಲ್ಲ! ಕವಲು ಪೈಪುಗಳೆಲ್ಲ ಯಾವುದಕ್ಕೂ ಅಂಟಿಕೊಳ್ಳದೆ ಗಾಳಿಯಲ್ಲಿ ನೇತಾಡುತ್ತಿವೆ. ಇನ್ನೊಂದು ತೆರೆದೆ, ಅದರಲ್ಲೂ ಇಲ್ಲ. ನಲವತ್ತೆರಡರಲ್ಲೂ ಇಲ್ಲ. ಅಯ್ಯೋ ಶಿವನೇ, ಮುಗೀತು ನನ್ನ ಕತೆ ಎಂದುಕೊಂಡೆ.

ಹಿರಿಯರು ಕಾಫಿ ಲೋಟ ಹಿಡಿದು ಬಂದರು. "ಏನ್ಮಾ, ಮುಖ ಯಾಕೆ ಹೀಗಿದೆ?"

ಪರದೆಯನ್ನು ಅವರ ಕಡೆ ತಿರುಗಿಸಿದೆ. ಹೇಗೋ ಹೇಳಿದೆ.

"ಶ್ರೀ ಲೇಯರ್ ತೆಗ್ದುಬಿಟ್ಯಾ?" ಎಂದವರೇ ಪಕ್ಕದ ಕುರ್ಚಿ ಎಳೆದು ಕೂತರು. "ನಮ್ಮಪ್ಪ ಹೇಳ್ತಿದ್ರು ಮಾ, ಶ್ರೀ ಬರೆದ ಕೈ ಸುಮ್ನೆ ಎತ್ತಕೂಡದು ಅಂತ. ಅದೇ ಉಸಿರಲ್ಲಿ ಮುಖ್ಯವಾದ ಗೆರೆ ಒಂದು ಎಳೆದುಬಿಡ್ಬೇಕು. ಬೋರ್ಡಲ್ಲಿ ಮಾಡ್ತಿದ್ದಾಗ್ಲೂ ಹಾಗೇ, ಕಂಪ್ಯೂಟರಲ್ಲೂ ಹಾಗೇ. ಮಧ್ಯದಲ್ಲಿ ಲೇಯರ್ ಮಾತ್ತಕ್ಕೆ, ಬದಲಾಯಿಸಕ್ಕೆ, ಕೈ ಬರಲ್ಲ."

ಅಂದರೆ ಪ್ರತಿ ಡ್ರಾಯಿಂಗಿನ ಪ್ರಾಣವೂ ಆ ಶ್ರೀಯ ಜೊತೆಯಲ್ಲೇ ಇತ್ತು. ನಾನು ಮೂಲೆ ನೋಡಿದೆನೇ ಹೊರತು ನಡುವೆ ನೋಡಲಿಲ್ಲ.

"ಸರ್, ನನ್ ಕೆಲ್ಸ ಹೋಯ್ತು" ಎಂದೆ.

"ಕವಲೆ ಪಡಬೇಡ, ಏನೂ ಚಿಂತೆಯಿಲ್ಲ, ಇರು" ಎಂದು ಎದ್ದು, ತಮ್ಮ ಡ್ರಾಯರಿನಿಂದ ಒಂದು ಬಿಸ್ಕತ್ ಡಬ್ಬಿ ತಂದರು. ಆಯಾ ದಿನ ಬದಲಾದ ಡ್ರಾಯಿಂಗುಗಳನ್ನು ಸಂಜೆ ಫ್ಲಾಪಿಗೆ ಹಾಕಿ ಆ ಡಬ್ಬಿಯಲ್ಲಿ ಇಡುವುದು ಅವರ ನಿತ್ಯಕರ್ಮ. "ಏನ್ ಸರ್, ಪ್ರಸಾದನಾ?" ಎಂದು ಎಷ್ಟು ಸಲ ಗೇಲಿ ಮಾಡಿದ್ದೆನೋ! ಈಗ ಅವರಾಗಿಯೇ ಡಬ್ಬಿ ಮುಂದೆ ಹಿಡಿದು, "ತಗೋ ಮಾ, ಪ್ರಸಾದ" ಎಂದರು. ಹೋದ ಜೀವ ಬಂದಂತಾಯಿತು.

ಗರಗರ ಸದ್ದು ಮಾಡುತ್ತ ಫ್ಲಾಪಿಗಳು ಒಂದೊಂದಾಗಿ ತೆರೆದುಕೊಂಡವು. ಒಂದು ಮಾತ್ರ ಕೆಟ್ಟಿತ್ತು. ಆ ಡ್ರಾಯಿಂಗಿನ ಹಳೆಯ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಮೌಸನ್ನು ನನ್ನ ಕಡೆ ತಳ್ಳಿದರು. "ನೀನೇ ಹಾಕು. ಮೊದಲು ಶ್ರೀ."

ಹಾಕಿದೆ. ವಕ್ರವಾಗಿ ಬಂತು. ಕೈ ಎತ್ತದೆ ಮುಖ್ಯ ಪೈಪನ್ನೂ ಎಳೆದೆ.

ಆಮೇಲೆ ಸ್ಕ್ರಿಪ್ಟನ್ನು ತಿದ್ದಿ, ಈ ಸಲ ನಕಲುಗಳ ಮೇಲೆ ಓಡಿಸಿದೆ. ಶ್ರೀ ಲೇಯರಿನ ಪೈಪು ಪಟ್ಟಿಯಲ್ಲಿದ್ದ ಹೆಸರಿಗೆ ಹೋಯಿತು. ಮೂಲೆಯ ಶ್ರೀಯನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಅಳತೆ ಹಾಕಿದಾಗ ಸಾಫ್ಟ್‌ವೇರ್ ತಾನಾಗಿಯೇ ಹುಟ್ಟಿಸುವ ಒಂದು ಲೇಯರಿದೆ. ಅದರಲ್ಲಿರುವುದು ಪರದೆಯ ಮೇಲೆ ಕಾಣುತ್ತದೆ, ಕಾಗದದ ಮೇಲೆ ಬರುವುದಿಲ್ಲ. ಅದು ಪಟ್ಟಿಯಲ್ಲೂ ಇತ್ತು. ಶ್ರೀಯನ್ನು ಅಲ್ಲಿಗೆ ಸಾಗಿಸಿದೆ.

"ಶ್ರೀ ಹೋಯ್ತಾ ಮಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಇದೆ ಸರ್. ಪ್ರಿಂಟಲ್ಲಿ ಬರಲ್ಲ ಅಷ್ಟೆ."

"ಪ್ರಿಂಟ್ ಯಾರಿಗ್ ಬೇಕು? ಕಾಣ್ಬೇಕಾದವನಿಗೆ ಕಾಣತ್ತೆ."

ಮೂರೂ ಮುಕ್ಕಾಲಿಗೆ ಮ್ಯಾನೇಜರು ಸಿ.ಡಿ. ತೆಗೆದುಕೊಳ್ಳಲು ಬಂದರು. "ಊಟದೊಳಗೆ ಅಂದಿದ್ದಿರಿ. ಯಾಕೆ ಇಷ್ಟು ತಡ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ತಮಿಳಿನಲ್ಲಿ ಉತ್ತರ ಕೊಟ್ಟರು. ಅಷ್ಟು ಹೊತ್ತಿಗೆ ಅದು ಅರ್ಥವಾಗುವಷ್ಟು ತಮಿಳು ನನಗೆ ಬರುತ್ತಿತ್ತು. "ಮುಖ್ಯ ಪೈಪನ್ನು ತಪ್ಪು ಲೇಯರಿನಲ್ಲಿ ಎಳೆದವನು ನಾನು, ಈ ಹುಡುಗಿ ಕೂತು ಎಲ್ಲವನ್ನೂ ಸರಿಮಾಡಿದಳು" ಎಂದರು. ಮ್ಯಾನೇಜರು ತಲೆಯಾಡಿಸಿ ಹೊರಟುಹೋದರು. ನನಗೆ ಕಣ್ಣು ತುಂಬಿ ಬಂತು. ಅವರು ಏನೂ ಆಗದವರಂತೆ ಆರಿದ ಕಾಫಿ ಕುಡಿದರು.

ಹನ್ನೆರಡು ದಿನ ಕಳೆದು ಕೆಲಸ ಕಾಯಂ ಆಯಿತು. ಆದರೆ ಅದಕ್ಕೆ ಕಾಯದೆ, ಅವತ್ತು ಸಂಜೆಯೇ ಗಂಡನನ್ನೂ ಕೂರಿಸಿಕೊಂಡು ಮನೆಯಲ್ಲಿದ್ದ ಬಿಸ್ಕತ್ತನ್ನೆಲ್ಲ ತಿಂದು ಮುಗಿಸಿದೆ. ಬೆಳಿಗ್ಗೆ ಆಫೀಸಿಗೆ ಒಯ್ಯಲು ನನಗೂ ಒಂದು ಖಾಲಿ ಡಬ್ಬಿ ಬೇಕಿತ್ತು.