ಹಾಯುವ ಎತ್ತಿನ ವಿಡಿಯೊ

ನನ್ನ ನಿವೃತ್ತಿಗೆ ಮುಂಚಿನ ಕೊನೆಯ ಕಬ್ಬಿನ ಹಂಗಾಮು. ನಾನಾಗ ಬೈಲಹೊಂಗಲ ತಾಲ್ಲೂಕಿನ ಸಂಪಗಾಂವ ಭಾಗದಲ್ಲಿ ಪಶುವೈದ್ಯಾಧಿಕಾರಿ. ಪ್ರೌಢಶಾಲೆಯ ಮಕ್ಕಳಿಗೆ ಪ್ರಾಣಿಗಳ ವರ್ತನೆ ಮತ್ತು ಪಾಲನೆಯ ಬಗ್ಗೆ ಮಾತಾಡಬೇಕೆಂದು ಮೇಲಿನಿಂದ ಆದೇಶ ಬಂತು. ನನಗೋ ಭಾಷಣವೆಂದರೆ ಮೈಯೆಲ್ಲ ಉರಿ. ಹೆರಿಗೆ ಕಷ್ಟವಾದ ಎಮ್ಮೆಗೆ ಭುಜದವರೆಗೆ ಕೈ ಹಾಕು ಎಂದರೆ ಹಾಕಿಯೇನು, ಮೈಕು ಹಿಡಿ ಎಂದರೆ ನಾಲಗೆ ಒಣಗುತ್ತದೆ.

ಮಕ್ಕಳೂ ನನ್ನ ಮೇಲೆ ದಯೆ ತೋರಲಿಲ್ಲ. ನಾನು ಬಾಯಿ ತೆರೆದು ಸ್ವಲ್ಪ ಹೊತ್ತಿಗೇ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಹೋಗಿ ನೋಡಿದರೆ ಕದ್ದು ತಂದ ಮೊಬೈಲು.

"ಏನೈತಿ ಅದರಾಗ? ನನಗೂ ತೋರಸ್ರಿ, ನಾನೂ ನಗತೇನಿ," ಎಂದು ಗದರಿದೆ.

ಸಕ್ಕರೆ ಕಾರ್ಖಾನೆಯ ಹೊರಗೆ ಕಬ್ಬಿನ ಬಂಡಿಗಳು ಸಾಲುಗಟ್ಟಿ ನಿಂತಿದ್ದಾಗ ಯಾರೋ ತೆಗೆದ ವಿಡಿಯೊ. ಗಾಲಿಗೆ ಕಟ್ಟಿದ್ದ ಬಿಳಿ ಎತ್ತೊಂದು ಪಕ್ಕದ ಬಂಡಿಯವನನ್ನು ಕೊಂಬಿನಿಂದ ಎತ್ತಿ ರವದಿಯ, ಅಂದರೆ ಒಣಗಿದ ಕಬ್ಬಿನ ಸೋಗೆಯ ರಾಶಿಗೆ ಒಗೆಯುತ್ತದೆ. ಅವನ ಪುಣ್ಯ, ಪೆಟ್ಟಾಗಿರಲಿಲ್ಲ. ಅದಕ್ಕೆ ಒಂದು ಕುಣಿತದ ಹಾಡು ಜೋಡಿಸಿದ್ದರು. ಊರೂರೇ ನೋಡಿ ನಕ್ಕಿತ್ತಂತೆ.

ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ನಗುತ್ತಿರಲಿಲ್ಲ. ಶಿವಲೀಲಾ ಎಂದು ಹೆಸರು, ಒಂಬತ್ತನೆಯ ತರಗತಿ. "ಸರ, ಅದು ನಮ್ಮ ಎತ್ತರಿ, ಸರ್ಜಾ," ಎಂದಳು. "ಹಾಯೂ ಚಟಾ ಹತ್ತೇತಿ ಅಂತ ಅಪ್ಪ ಬರೂ ಸಂತ್ಯಾಗ ಮಾರತಾನ್ರಿ." ಹಾಯುವ ಎತ್ತನ್ನು ಸಾಕುವವರು ಯಾರೂ ಕೊಳ್ಳುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾಷಣದ ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ವಿಡಿಯೊವನ್ನು ಶಾಲೆಯ ದೊಡ್ಡ ಪರದೆಯ ಮೇಲೆ ಹಾಕಿಸಿ, ದನಿ ಬಂದ್ ಮಾಡಿಸಿದೆ. "ಮನಷ್ಯಾನ್ನ ನೋಡಬ್ಯಾಡ್ರಿ. ಎತ್ತಿನ ಕಿವಿ ನೋಡ್ರಿ, ಕಣ್ಣ ನೋಡ್ರಿ, ಕಾಲ ನೋಡ್ರಿ," ಎಂದೆ. ಹಾಡು ನಿಂತ ಮೇಲೆ ನಗುವೂ ನಿಂತಿತು. ಮತ್ತೆ ಮತ್ತೆ ಹಾಕಿಸಿದೆ. ಮೊದಲು ಒಬ್ಬ ಮುದುಕ ಸರ್ಜಾನ ಬಲಗಡೆಯಿಂದ, ಕೊಂಬಿಗೆ ತಾಗುವಷ್ಟು ಹತ್ತಿರ ಹಾದುಹೋದ. ಸರ್ಜಾ ಮೆಲಕು ಹಾಕುತ್ತಲೇ ಇತ್ತು. ಆಮೇಲೆ ಆ ಬಂಡಿಯವನು ಎಡಗಡೆಯಿಂದ ಸದ್ದಿಲ್ಲದೆ ಬಂದು ಹೆಗಲ ಮೇಲೆ ಕೈಯಿಟ್ಟ. ಅಲ್ಲಿಯತನಕ ಅದು ತಲೆಯನ್ನೂ ತಿರುಗಿಸಿರಲಿಲ್ಲ.

ಶಿವಲೀಲಾ ಎದ್ದು ನಿಂತಳು. "ಸರ, ಅದು ಹಾಯ್ಲಿಲ್ರಿ! ಬೆಚ್ಚಿ ಬಿತ್ರಿ! ಆ ಕಡಿಂದ ಬಂದದ್ದು ಅದಕ್ಕ ಕಂಡs ಇಲ್ರಿ!"

ಅವತ್ತೇ ಸಂಜೆ ಅವರ ಮನೆಗೆ ಹೋದೆ. ಬೆನ್ನಿಗೆ ಅರ್ಧ ತರಗತಿ. ತಂದೆ ಈರಪ್ಪ ಕಟ್ಟೆಯ ಮೇಲಿಂದಲೇ, "ಡಾಕ್ಟರ್ರs, ಈ ದಂಡ ಕಟಗೊಂಡ ಯಾಕ ಬಂದ್ರಿ? ಹಾಯೂ ಎತ್ತಿಗೆ ಸೂಜಿ ಐತೇನ?" ಎಂದ. "ಸೂಜಿ ನಿನಗ ಹಾಕತೇನಿ, ಸುಮ್ನ ಹಗ್ಗಾ ಹಿಡಿ," ಎಂದೆ. ಮಕ್ಕಳನ್ನು ದೂರ ನಿಲ್ಲಿಸಿ ಮೆನೇಸ್ ಟೆಸ್ಟ್ ಮಾಡಿ ತೋರಿಸಿದೆ. ಗಾಳಿ ಬೀಸದಂತೆ ಅಂಗೈಯನ್ನು ತಟ್ಟನೆ ಕಣ್ಣಿನ ಕಡೆಗೆ ತರುವುದು, ಅಷ್ಟೆ. ಕಾಣುವ ಕಣ್ಣು ಮಿಟುಕುತ್ತದೆ. ಬಲಗಣ್ಣು ಮಿಟುಕಿತು. ಎಡಗಣ್ಣು ಹೊಳೆಯುತ್ತಲೇ ಇತ್ತು, ಮಿಟುಕಲಿಲ್ಲ. ಹೊರಗೆ ಪೊರೆಯಿಲ್ಲ, ನೀರಿಲ್ಲ. ಮೇಲೆ ಹುಬ್ಬಿನ ಹತ್ತಿರ ಒಂದು ಹಳೆಯ ಗಾಯದ ಗುರುತು. ಅಲ್ಲಿ ಜೋರಾಗಿ ಪೆಟ್ಟು ಬಿದ್ದರೆ ಕಣ್ಣಿನ ನರವೇ ಸತ್ತುಹೋಗಬಹುದು.

"ಇದೇನ ಪೆಟ್ಟ, ಈರಪ್ಪ?"

ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡ. "ನಾನs ಹೊಡದದ್ದರಿ," ಎಂದ. "ಹ್ವಾದ ವರ್ಷ ಬಂಡಿ ಕೆಸರಾಗ ಹುಗದಿತ್ತು. ಬಾರಕೋಲಿನ ಹಿಡಕೀಲೆ ಹೊಡದಿದ್ದೆ. ತಿರಗಿ ಕಣ್ಣ ಬರತೈತೇನ್ರಿ?"

"ಇಲ್ಲ." ಸುಳ್ಳು ಹೇಳುವ ಮನಸ್ಸಾಗಲಿಲ್ಲ.

ಆದರೆ ಒಂದು ದಾರಿ ಇತ್ತು. ನಮ್ಮಲ್ಲಿ ನೊಗದ ಎಡಕ್ಕೆ ಪಳಗಿದ ಎತ್ತು ಕೊನೆಯವರೆಗೂ ಎಡಕ್ಕೇ. ಜಾಗ ಬದಲಿಸುವ ಮಾತೆತ್ತಿದರೆ ಜನ ನಗುತ್ತಾರೆ. ಹಾಗಾಗಿ ಎಡಕ್ಕೆ ಹೂಡುತ್ತಿದ್ದ ಸರ್ಜಾನ ಕುರುಡು ಕಣ್ಣು ಸದಾ ಹೊರಗಡೆ, ಜನ ಹಾದುಹೋಗುವ ಕಡೆಗೇ ಇರುತ್ತಿತ್ತು. "ಬಲಕ್ಕ ಹೂಡು," ಎಂದೆ. ಈರಪ್ಪ ಗೊಣಗುತ್ತಲೇ ಹೂಡಿದ. ಸರ್ಜಾ ಮೊದಲು ಅಡ್ಡಾದಿಡ್ಡಿ ಎಳೆಯಿತು. ಆಮೇಲೆ ಕಾಣದ ಕಡೆಗೆ ತನ್ನ ಜೋಡಿ ರಾಜಾನ ಮೈ ತಾಗಿತು. ಒಮ್ಮೆ ಅದನ್ನು ಮೂಸಿ, ಭುಜಕ್ಕೆ ಭುಜ ಕೊಟ್ಟು ಮೆಲ್ಲಗೆ ಹೆಜ್ಜೆ ಹಾಕಿತು. ಮಕ್ಕಳು ಚಪ್ಪಾಳೆ ತಟ್ಟಲು ಹೋದರು. "ಏಯ್, ಬೆಚ್ಚತೈತಿ!" ಎಂದು ಶಿವಲೀಲಾಳೇ ಎಲ್ಲರ ಕೈ ತಡೆದಳು.

ಸರ್ಜಾ ಸಂತೆಗೆ ಹೋಗಲಿಲ್ಲ. ನಿವೃತ್ತಿಯ ಮುನ್ನಾದಿನ ಅದನ್ನೊಮ್ಮೆ ನೋಡೋಣವೆಂದು ಬೆಳಿಗ್ಗೆ ಆ ಕಡೆ ಹೋಗಿದ್ದೆ. ಈರಪ್ಪ ಮೇವಿನ ಪುಟ್ಟಿ ಹಿಡಿದು, ನನಗೆ ಬೆನ್ನು ಮಾಡಿ, ಸರ್ಜಾನ ಎಡಗಡೆ ದೂರದಲ್ಲಿಯೇ ನಿಂತಿದ್ದ. ಕಣ್ಣು ಕಾಣುವ ಬಲಗಡೆಯಿಂದ ಹೋದರೆ ಸುಲಭವಿತ್ತು.

"ಸರ್ಜಾ, ನಾನೋ... ಈರಪ್ಪ. ಬರತೇನಿ, ಹಾಂ?" ಎಂದ. ಎತ್ತಿನ ಕಿವಿ ಅವನ ಕಡೆ ತಿರುಗುವವರೆಗೂ ಕಾದ. ಆಮೇಲೆ ಹೋಗಿ ಆ ಹುಬ್ಬಿನ ಮೇಲೆ ಕೈಯಿಟ್ಟ.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದುಕೊಟ್ಟ ಔಷಧಿಗಳು ಬಹಳ. ಮುಟ್ಟುವ ಮೊದಲು ಕೇಳಬೇಕು ಎಂಬುದಕ್ಕಿಂತ ಒಳ್ಳೆಯದೊಂದು ಅವುಗಳಲ್ಲಿರಲಿಲ್ಲ. ಅವತ್ತು ಈರಪ್ಪನನ್ನು ಕರೆಯದೆ, ಸದ್ದು ಮಾಡದೆ ವಾಪಸು ಬಂದೆ.